ಅಕ್ಕ ಎಳೆದ ಗೆರೆ

ಗೆರೆ ಎಳೆಯುವ ಮೊದಲು ಅವರು ಬಲಗೈಯ ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದರು. ಬೆರಳಿನಲ್ಲಿ ಬೆವರು ಇರಲಿ ಬಿಡಲಿ, ಒರೆಸಿಕೊಳ್ಳುವುದು ತಪ್ಪುತ್ತಿರಲಿಲ್ಲ. ಆಮೇಲೆ ಟೀವಿಯ ಗಾಜಿಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕೆಂಪು ಪೆನ್ನು ಇಟ್ಟರೆ, ಒಂದೇ ಎಳೆತಕ್ಕೆ ಗುಂಡಿಗೆಯ ಎಡಗಡೆಯ ಮೇಲಿನ ಕೋಣೆ ಮೂಡಿಬಿಡುತ್ತಿತ್ತು. ಪೆನ್ನು ಎತ್ತಿ ಇನ್ನೊಂದು ಎಳೆತಕ್ಕೆ ಪಕ್ಕದ ದೊಡ್ಡ ರಕ್ತನಾಳ. ಕೊನೆಗೆ ಬೆನ್ನೆಲುಬಿನ ಅಂಚು. ಅಷ್ಟು ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, "ಹೂಂ, ಇನ್ನು ಹೋಗ್ಬೋದು ಡಾಕ್ಟ್ರೇ" ಎನ್ನುವರು. ಆ ಮಾತು ಬರುವತನಕ ನಮ್ಮ ಡಾಕ್ಟರು ಸೂಜಿಯನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಮೈಸೂರಿನ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಅವರು ಎಕ್ಸ್‌ರೇ ಟೆಕ್ನೀಷಿಯನ್, ನಾನು ಅದೇ ಕೋಣೆಯ ಅಟೆಂಡರ್. ನಾನು ಹುಣಸೂರಿನವನು, ಹೈಸ್ಕೂಲಿಗೇ ಓದು ನಿಲ್ಲಿಸಿದವನು. ಅವರು ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದವರು, ಕೆಲಸಕ್ಕೆ ಹೋಗಿಬರಲು ಅನುಕೂಲವೆಂದು ಹುಣಸೂರಿನಲ್ಲಿ ಮನೆ ಮಾಡಿಕೊಂಡಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಡಾಕ್ಟರೊಬ್ಬರನ್ನು ಬಿಟ್ಟು ನಾವೆಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ಹೋದ ವರ್ಷ ತೀರಿಕೊಂಡರು. ಅವರ ವಿಷಯ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ಆದರೆ ಅವರ ಕೈಯಿಂದ ಆ ಕೆಂಪು ಪೆನ್ನು ಹೇಗೆ ತಪ್ಪಿಹೋಯಿತು ಎಂಬುದನ್ನು ಆ ಕೋಣೆಯಲ್ಲಿದ್ದವರ ಪೈಕಿ ಕಣ್ಣಾರೆ ಕಂಡವನು ನಾನೊಬ್ಬನೇ.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಮೊದಲು ಹೇಳಬೇಕು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೋದ ಕೆಲವರಿಗೆ ಮುಂದೆ ಗುಂಡಿಗೆಯೊಳಗಿನ ಒಂದು ಕವಾಟ ಅಂಟಿಕೊಂಡು ಕಿರಿದಾಗುತ್ತದೆ. ನಮ್ಮ ಕಡೆ ಇಂಥವರು ಬಹಳ ಮಂದಿ ಇದ್ದರು, ಅದರಲ್ಲೂ ಹೆಂಗಸರು. ಹೆಗ್ಗಡದೇವನಕೋಟೆ, ಸರಗೂರು, ಕೃಷ್ಣರಾಜನಗರ, ಎಲ್ಲ ಕಡೆಯಿಂದಲೂ ಬರುತ್ತಿದ್ದರು. ಒಂದು ಕೊಡ ನೀರು ಹೊತ್ತರೆ ಏದುಸಿರು. ಎದೆ ಕೊಯ್ಯದೆ ಅದನ್ನು ಬಿಡಿಸುವ ದಾರಿ ಆಗ ಬಂದಿತ್ತು. ತೊಡೆಯ ಸಂದಿಯ ರಕ್ತನಾಳದಿಂದ ಒಂದು ತೆಳು ಕೊಳವೆಯನ್ನು ಗುಂಡಿಗೆಯ ಬಲಗಡೆಗೆ ತೂರಿಸುತ್ತಾರೆ. ಅಲ್ಲಿಂದ ನಡುವಿನ ಗೋಡೆಯನ್ನು ಉದ್ದನೆಯ ಸೂಜಿಯಲ್ಲಿ ಚುಚ್ಚಿ ಎಡಗಡೆಗೆ ದಾಟುತ್ತಾರೆ. ಆಮೇಲೆ ಒಂದು ಬಲೂನನ್ನು ಕವಾಟದ ಬಾಯಲ್ಲಿ ಕೂರಿಸಿ ಊದುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ಡಾಕ್ಟರಿಗೆ ಒಳಗಿನದು ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಎಕ್ಸ್‌ರೇ ಟೀವಿಯಲ್ಲಿ ತೋರಿಸುವ ಬೂದು ನೆರಳೇ ಗತಿ. ಆ ನೆರಳಿನಲ್ಲೂ ಸೂಜಿ ಕಾಣುತ್ತದೆಯೇ ಹೊರತು ಚುಚ್ಚಬೇಕಾದ ಗೋಡೆ ಕಾಣುವುದಿಲ್ಲ. ಅದಕ್ಕಾಗಿ ಮೊದಲು ಬಣ್ಣದ ಔಷಧ ಬಿಟ್ಟು ಒಂದು ಚಿತ್ರ ತೆಗೆದು, ಅದರಲ್ಲಿ ಕಂಡ ಆಕಾರವನ್ನು ಟೀವಿಯ ಮೇಲೆ ಗೆರೆಯಾಗಿ ಬರೆದುಕೊಳ್ಳಬೇಕು. ಆ ಗೆರೆ ನೋಡಿಕೊಂಡು ಸೂಜಿ ಹೋಗುತ್ತದೆ. ಅಕ್ಕನ ಕೆಲಸ ಅದು. ಗೆರೆ ಒಂದು ಬೆರಳು ತಪ್ಪಿದರೆ ಸೂಜಿ ಗುಂಡಿಗೆಯಿಂದ ಹೊರಗೆ ಹೋಗುತ್ತದೆ.

ಇದನ್ನೇ ಅವರು ರೋಗಿಗಳಿಗೆ ಹೇಳುವ ಬಗೆ ಬೇರೆ. ಕೃಷ್ಣರಾಜನಗರದ ಕಡೆಯ ಗದ್ದೆಯವರು ಬಂದರೆ ನಾಲೆಯ ತೂಬಿನ ಮಾತು ತೆಗೆಯುವರು. ಒಬ್ಬ ಯಜಮಾನನು ಹೆಂಡತಿಯನ್ನು ಕರೆತಂದು, ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ನಿಂತಿದ್ದ.

"ನಿಮ್ಮೂರ ತೂಬು ತುಕ್ಕಿಡಿದು ಪೂರ್ತಿ ತೆಗೀದೆ ಹೋದ್ರೆ ಏನ್ ಮಾಡ್ತೀರಿ ಯಜಮಾನ್ರೇ?" ಎಂದು ಅಕ್ಕ ಕೇಳಿದರು.

"ಮೀಟ್ತೀವಿ."

"ಏರಿ ಒಡೀತೀರಾ?"

"ಏರಿ ಯಾಕೆ ಒಡೆಯೋದು? ತಲೆ ಕೆಟ್ಟದಾ?"

"ಅಷ್ಟೇ ನೋಡಿ ನಾವೂ ಮಾಡೋದು. ಏರಿ ಒಡೆಯಲ್ಲ, ಬಾಗ್ಲು ಮೀಟ್ತೀವಿ. ಸಂಜೆಗೆ ನಿಮ್ಮ ಮನೆಯವರು ಎದ್ದು ಕೂತು ನಿಮ್ಮನ್ನ ಬಯ್ಯೋಕೆ ಸುರು ಮಾಡ್ತಾರೆ."

"ಈಗ್ಲೂ ಬಯ್ತಾಳೆ ಕಣ್ರವ್ವ."

"ಈಗ ಉಸಿರು ಸಾಲ್ದೆ ಅರ್ಧಕ್ಕೆ ನಿಲ್ಲಿಸ್ತಾರಲ್ಲ, ಆಮೇಲೆ ಪೂರ್ತಿ ಬಯ್ತಾರೆ."

ಆತ ನಕ್ಕು ಬಾಗಿಲು ಬಿಟ್ಟ. ಪಿರಿಯಾಪಟ್ಟಣದ ಹೊಗೆಸೊಪ್ಪಿನವರು ಬಂದರೆ ತೂಬು ಹೋಗಿ ಸೊಪ್ಪು ಬೇಯಿಸುವ ಬ್ಯಾರನ್ನಿನ ಕೊಳವೆ ಬರುತ್ತಿತ್ತು. ರೋಗಿ ಬಾಯಿ ಬಿಟ್ಟ ಕೂಡಲೇ ಯಾವ ಕಡೆಯವರೆಂದು ಅವರಿಗೆ ತಿಳಿದುಹೋಗುತ್ತಿತ್ತು.

ಹುಣಸೂರಿನಿಂದ ನಾವಿಬ್ಬರೂ ಬೆಳಗಿನ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಡ್ರೈವರಿನ ಹಿಂದಿನ ಸೀಟು ಅವರದು. ಅವರೆಕಾಯಿಯ ಕಾಲದಲ್ಲಿ ಒಂದು ಚೀಲ ತುಂಬ ಕಾಯಿ ತಂದು, ಬಿಳಿಕೆರೆ ದಾಟುವುದರೊಳಗೆ ಅರ್ಧ, ಇಲವಾಲ ಬರುವುದರೊಳಗೆ ಪೂರ್ತಿ ಸುಲಿದು ಮುಗಿಸುವರು. ಕಂಡಕ್ಟರಿಗೂ ಅವರಿಗೂ ದಿನಾ ಜಟಾಪಟಿ.

"ಅಕ್ಕೋ, ಸಿಪ್ಪೆಗೂ ಟಿಕೆಟ್ ತಗೋಬೇಕಾಯ್ತದೆ."

"ಮೂರು ವರ್ಷ ಆಗದೆ ಇರೋದಕ್ಕೆ ಟಿಕೆಟ್ ಇಲ್ಲ ಕಣಯ್ಯ, ಸರ್ಕಾರದ ರೂಲು. ನೆನ್ನೆ ಕಿತ್ತ ಕಾಯಿ ಇದು."

ಅವರು ಮದುವೆಯಾಗಿರಲಿಲ್ಲ. ಕಾರಣ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಕಂಡಕ್ಟರು ಒಮ್ಮೆ ಕೇಳಿಯೇಬಿಟ್ಟ. ಅಕ್ಕ ಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದರು: "ನೋಡೋಕೆ ಬಂದ ಗಂಡುಗಳನ್ನೆಲ್ಲ ಎಕ್ಸ್‌ರೇ ತೆಗ್ದು ನೋಡ್ದೆ ಕಣಪ್ಪ. ಒಳಗೆ ಏನೂ ಇರ್ನಿಲ್ಲ." ಇಡೀ ಬಸ್ಸು ನಕ್ಕಿತು. ಕಂಡಕ್ಟರು ಇಲವಾಲದವರೆಗೆ ಹಿಂದಿನ ಬಾಗಿಲಲ್ಲೇ ನಿಂತಿದ್ದ.

ಅವರ ತಂದೆ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುವ ಕೆಲಸದಲ್ಲಿದ್ದವರಂತೆ. ಹೊಲದ ಮೂಲೆಯ ಬಾಂದುಕಲ್ಲಿನಿಂದ ಅಳತೆ ಹಿಡಿಯುವುದನ್ನು ಅಕ್ಕ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ನೋಡಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಟೇಬಲ್ಲಿನ ವಿಷಯ ಕಲಿಸಿದ್ದು ಆ ಲೆಕ್ಕದಲ್ಲೇ. ರೋಗಿ ಮಲಗುವ ಟೇಬಲ್ಲಿನ ಮೇಲ್ಭಾಗ ಬ್ರೇಕು ಬಿಟ್ಟರೆ ನೀರಿನ ಮೇಲಿನ ಹಲಗೆಯಂತೆ ಸರಿಯುತ್ತದೆ, ಬೆರಳು ತಾಗಿದರೂ ಸಾಕು. ಬೇಕಾದ ಜಾಗಕ್ಕೆ ತಂದು ಬ್ರೇಕು ಹಾಕಿ ನಿಲ್ಲಿಸುವುದು ನನ್ನ ಹೊಣೆ.

"ಇದು ಬಾಂದುಕಲ್ಲು ಕಣಪ್ಪ," ಎಂದಿದ್ದರು ಟೇಬಲ್ಲು ತಟ್ಟಿ. "ನಾನು ಗೆರೆ ಬರೆದ ಮೇಲೆ ಇದು ಮಿಸುಕಿದ್ರೆ ಗೆರೆ ಬೇರೆ ಯಾರದೋ ಹೊಲಕ್ಕೆ ಹೋಯ್ತದೆ. ಟೀವಿ ಅಲ್ಲೇ ಇರ್ತದೆ, ಗೆರೆ ಅಲ್ಲೇ ಇರ್ತದೆ, ಗುಂಡಿಗೆ ಮಾತ್ರ ಸರಿದಿರ್ತದೆ."

ಅದಕ್ಕೊಂದು ಕಟ್ಟಳೆ ಮಾಡಿದ್ದರು. ಗೆರೆ ಬರೆದ ಮೇಲೆ ಟೇಬಲ್ಲು ಯಾರಿಗೇ ತಾಗಲಿ, ಅವರು "ಮುಟ್ಟಿದೆ" ಎಂದು ಗಟ್ಟಿಯಾಗಿ ಕೂಗಬೇಕು. ಯಾಕೆ, ಹೇಗೆ ಎಂದು ಯಾರೂ ಕೇಳುವಂತಿಲ್ಲ. ಅಕ್ಕ ಸ್ಪಿರಿಟ್ ಹತ್ತಿಯಿಂದ ಹಾಳೆ ಒರೆಸಿ, ಇನ್ನೊಂದು ಚಿತ್ರ ತೆಗೆಸಿ, ಹೊಸದಾಗಿ ಬರೆಯುವರು. ಒಮ್ಮೆ ಡಾಕ್ಟರದೇ ಹೊಟ್ಟೆ ತಗಲಿತು. ಅವರು ಕೈ ಮೇಲೆತ್ತಿ ಆಟದಲ್ಲಿ ಔಟಾದ ಹುಡುಗನಂತೆ "ಮುಟ್ಟಿದೆ, ಮುಟ್ಟಿದೆ!" ಎಂದು ಕೂಗಿದರು. ಟೇಬಲ್ಲಿನ ಮೇಲಿದ್ದ ಮುದುಕಿಗೂ ನಗು ಬಂತು.

"ನಾಳೆಯಿಂದ ಹೊಟ್ಟೆಗೂ ಒಂದು ಬ್ರೇಕು ಹಾಕ್ಸಿ ಡಾಕ್ಟ್ರೇ," ಎಂದು ಅಕ್ಕ ಹತ್ತಿ ತೆಗೆದುಕೊಂಡರು. ಟೇಬಲ್ಲು ಒಂದು ನೂಲೂ ಅಲುಗಿರಲಿಲ್ಲ. ಆದರೂ ಒರೆಸಿ ಮತ್ತೆ ಬರೆದರು. ನಾನೇ ಮೂರು ನಾಲ್ಕು ಸಲ ಕೂಗಿದ್ದೇನೆ. ಒಂದು ಸಲವೂ ಬಯ್ಯಲಿಲ್ಲ. ಹಾಗಾಗಿ ಬೈಗುಳಕ್ಕೆ ಹೆದರಿದೆ ಎಂದು ಹೇಳಿಕೊಳ್ಳಲು ನನಗೆ ಜಾಗವಿಲ್ಲ.

ನಾನು ಹೆದರಿದ್ದು ಬೇರೆಯದಕ್ಕೆ. ಆ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ಕಚೇರಿಯವರು ವಿಭಾಗದಿಂದ ಅಭಿಪ್ರಾಯ ಕೇಳಿದ್ದರು. ಅಕ್ಕ ತಾವೇ ಎರಡು ಸಾಲು ಬರೆದು ಡಾಕ್ಟರ ಸಹಿ ಹಾಕಿಸಿ ಕಳಿಸಿದ್ದರು. ಅದರಲ್ಲಿ, ಟೇಬಲ್ಲು ಈತನ ಕೈಯಲ್ಲಿದ್ದರೆ ನಮಗೆ ಯೋಚನೆಯಿಲ್ಲ ಎಂದು ಬರೆದಿತ್ತು.

ಅಂದು ಟೇಬಲ್ಲಿನ ಮೇಲಿದ್ದವಳು ಸರಗೂರಿನಿಂದ ಆಚೆಯ ಹಳ್ಳಿಯ ಒಬ್ಬ ಹೆಣ್ಣುಮಗಳು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಅಕ್ಕ ಗೆರೆ ಬರೆದು ಮುಗಿಸಿ, ಫಿಲ್ಮು ಬದಲಾಯಿಸಲು ಪಕ್ಕದ ಕೋಣೆಗೆ ಹೋದರು. ಡಾಕ್ಟರೂ ನರ್ಸೂ ಆ ಕಡೆ ತಿರುಗಿ ಸೂಜಿಯನ್ನು ತೊಳೆಯುತ್ತಿದ್ದರು. ಎಕ್ಸ್‌ರೇ ನಿಂತಿತ್ತು. ನಾನು ಹುಡುಗಿಯ ಎಡಗಡೆ ನಿಂತಿದ್ದೆ.

"ಅಣ್ಣೋ," ಎಂದಳು ಮೆಲ್ಲಗೆ. "ಈ ಕೈ ಜೋಮು ಇಡ್ಕಂಡದೆ."

ನೋಡಿದರೆ ಅವಳ ಎಡಗೈ ಹಲಗೆಯಿಂದ ಜಾರಿ ಕೆಳಗೆ ನೇತಾಡುತ್ತಿತ್ತು. ಪಾಪ, ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳೋ. ಬಗ್ಗಿ ಕೈ ಎತ್ತಿ ಹಲಗೆಯ ಮೇಲೆ ಇಟ್ಟೆ. ಬಗ್ಗುವಾಗ ನನ್ನ ಸೊಂಟ ಬ್ರೇಕಿನ ಹಿಡಿಗೆ ಒತ್ತಿತು. ಟೇಬಲ್ಲು ತಲೆಯ ಕಡೆಗೆ ನಾಲ್ಕು ಬೆರಳು ಸರಿಯಿತು. ಸದ್ದೇ ಆಗಲಿಲ್ಲ. ನಾನು ಹಿಡಿದು ಹಿಂದಕ್ಕೆ ತಂದು ಬ್ರೇಕು ಹಾಕಿದೆ. ಟೇಬಲ್ಲಿನ ತಲೆಯ ಅಂಚಿಗೂ ಸಲೈನ್ ಸ್ಟ್ಯಾಂಡಿಗೂ ನಡುವೆ ಮೊದಲು ಒಂದು ಗೇಣು ಜಾಗವಿತ್ತು. ಈಗ ಗೇಣಿಗೆ ಒಂದು ಬೆರಳು ಕಡಿಮೆ ಇತ್ತು. ನಾನದನ್ನು ನೋಡಿದೆ. ನೋಡಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನೋಡಿದೆ.

ಕೂಗಬಹುದಿತ್ತು. ಕೂಗಿದ್ದರೆ ಹತ್ತು ನಿಮಿಷ ತಡ, ಅಷ್ಟೇ. ಹೊರಗೆ ಇನ್ನೊಬ್ಬ ರೋಗಿ ಕಾಯುತ್ತಿದ್ದ, ಡಾಕ್ಟರು ಆಗಲೇ ಗಡಿಯಾರ ನೋಡಿದ್ದರು. ಕಚೇರಿಯಲ್ಲಿ ನನ್ನ ಕಾಗದ ಇನ್ನೂ ಮೇಜಿನ ಮೇಲಿತ್ತು. ಒಂದು ಬೆರಳಿಗೆ ಏನಾಗುತ್ತದೆ ಎಂದುಕೊಂಡೆ. ಅಕ್ಕ ಒಳಗೆ ಬಂದು ಟೀವಿ ನೋಡಿದರು. ಬೆನ್ನೆಲುಬಿನ ಅಂಚು ಅವರ ಗೆರೆಯ ಮೇಲೆಯೇ ಕೂತಿತ್ತು. ಟೇಬಲ್ಲು ಅಡ್ಡಕ್ಕೆ ಸರಿದಿದ್ದರೆ ಅದು ತಪ್ಪುತ್ತಿತ್ತು. ಉದ್ದಕ್ಕೆ ಸರಿದದ್ದನ್ನು ಬೆನ್ನೆಲುಬು ಹೇಳುವುದಿಲ್ಲ. ಡಾಕ್ಟರು ಗೆರೆ ನೋಡಿಕೊಂಡು ಚುಚ್ಚಿದರು.

ಐದು ನಿಮಿಷದಲ್ಲಿ ಹುಡುಗಿಯ ಮುಖ ಬೆಳ್ಳಗಾಯಿತು. ಸೂಜಿ ನಡುವಿನ ಗೋಡೆಯನ್ನು ಬಿಟ್ಟು ಕೆಳಗೆ ಹೋಗಿ ಗುಂಡಿಗೆಯ ಹೊರಗೋಡೆಯನ್ನು ತೂತು ಮಾಡಿತ್ತು, ರಕ್ತ ಸುತ್ತಲಿನ ಚೀಲದಲ್ಲಿ ತುಂಬಿಕೊಳ್ಳುತ್ತಿತ್ತು. ಡಾಕ್ಟರು ಎದೆಯ ಕೆಳಗೆ ಇನ್ನೊಂದು ಸೂಜಿ ಹಾಕಿ ರಕ್ತ ಎಳೆದರು. ಅವಳನ್ನು ಆಪರೇಷನ್ ಕೋಣೆಗೆ ಓಡಿಸಿಕೊಂಡು ಹೋದೆವು. ಸರ್ಜನ್ನರು ಎದೆ ತೆರೆದು ತೂತು ಹೊಲಿದು, ಕವಾಟವನ್ನೂ ಕೈಯಿಂದಲೇ ಬಿಡಿಸಿದರು. ಹುಡುಗಿ ಬದುಕಿದಳು. ಮೂರು ವಾರದ ಮೇಲೆ ಎದೆಯ ಮೇಲೊಂದು ಗೇಣುದ್ದದ ಹೊಲಿಗೆ ಹೊತ್ತು ಊರಿಗೆ ಹೋದಳು. ಅವಳು ಬದುಕಿದ್ದರಿಂದ ಎಲ್ಲರೂ ಆ ದಿನವನ್ನು ಬೇಗ ಮರೆತರು.

ಸಂಜೆ ಸರ್ಜನ್ನರು ಕೋಣೆಗೆ ಬಂದು, ತೂತು ಇರಬೇಕಾದ ಜಾಗಕ್ಕಿಂತ ಒಂದು ಬೆರಳು ಕೆಳಗಿತ್ತು ಎಂದು ತೋರಿಸಿ ಹೋದರು. ಡಾಕ್ಟರು ಟೀವಿಯ ಮೇಲಿನ ಹಾಳೆಯನ್ನು ನೋಡಿದರು.

"ಗೆರೆ ಸ್ವಲ್ಪ ಕೆಳಗೆ ಬಂದಿದೆ ಅಂತ ಕಾಣ್ತದಲ್ಲಾ ಅಮ್ಮಾ," ಎಂದರು. ಸಿಟ್ಟಿನಿಂದಲ್ಲ. ಆ ಮನುಷ್ಯನಿಗೆ ಸಿಟ್ಟು ಬರುತ್ತಿರಲಿಲ್ಲ.

ಅಕ್ಕ ಹಾಳೆಯನ್ನು ಬಿಡಿಸಿಕೊಂಡು ಮಡಚಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ಬಸ್ಸಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ.

"ತಪ್ಪು ಎಲ್ಲದೆ ಅಂತ ನಂಗೆ ಕಾಣ್ತಿಲ್ಲ ಕಣಪ್ಪ. ನೀನು ನೋಡು."

ನಾನು ನೋಡಿದಂತೆ ಮಾಡಿದೆ.

"ನಾನು ಒಳಕ್ಕೆ ಹೋಗಿದ್ನಲ್ಲ, ಆಗ ಟೇಬಲ್ಲು ಏನಾರ ಮಿಸುಕ್ತಾ?"

"ಇಲ್ಲ ಅಕ್ಕ."

"ನೀನು ಅಲ್ಲೇ ಇದ್ದೆ ತಾನೇ?"

"ಅಲ್ಲೇ ಇದ್ದೆ."

"ನೋಡ್ಕಂಡು ಹೇಳು. ಬಯ್ಯಾಕಲ್ಲ ಕೇಳ್ತಿರೋದು. ನಂಗೆ ಗೊತ್ತಾಗ್ಬೇಕು, ಅಷ್ಟೇ."

"ಮಿಸುಕ್ಲಿಲ್ಲ ಅಕ್ಕ."

"ನೀನು ಅಂದ್ಮೇಲೆ ಆಯ್ತು ಬುಡು," ಎಂದರು. ಬಸ್ಸು ಬಿಳಿಕೆರೆಯಲ್ಲಿ ನಿಂತು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಹೇಳಿದ್ದಲ್ಲ ಎಂಬಂತೆ, "ಅಂಗಾರೆ ನನ್ನ ಕೈಯೇ," ಎಂದರು.

ಅಂದೇ ಡಾಕ್ಟರ ಹತ್ತಿರ ಹೋಗಿ, ಇನ್ನು ಗೆರೆ ಬರೆಯುವುದಿಲ್ಲ, ನನ್ನನ್ನು ಹೊರಗಿನ ಎಕ್ಸ್‌ರೇ ಕೋಣೆಗೆ ಹಾಕಿ ಎಂದು ಕೇಳಿದರು. ಡಾಕ್ಟರು ಎಷ್ಟೋ ಹೇಳಿದರು. ಇಷ್ಟು ವರ್ಷದಲ್ಲಿ ಒಂದು ಸಲ ಆಗಿದೆ, ನನ್ನ ಕೈಯಿಂದ ಎಷ್ಟು ಆಗಿಲ್ಲ ಹೇಳಿ ಎಂದರು. ಅಕ್ಕ ಕೇಳಲಿಲ್ಲ. "ನಿಮ್ಮ ಕೈ ತಪ್ಪಿದ್ರೆ ಯಾಕೆ ತಪ್ತು ಅಂತ ನಿಮಗೆ ಗೊತ್ತಾಗ್ತದೆ ಡಾಕ್ಟ್ರೇ. ನಂಗೆ ಗೊತ್ತಾಗ್ತಿಲ್ಲ. ಗೊತ್ತಾಗದ ಕೈಯನ್ನ ಇನ್ನೊಬ್ಬರ ಗುಂಡಿಗೆ ಮೇಲೆ ಹೆಂಗೆ ಇಡ್ಲಿ?" ಇದನ್ನು ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ. ಅದೇ ವಾರ ನನ್ನ ಕೆಲಸ ಕಾಯಂ ಆಯಿತು.

ಹೊರಗಿನ ಕೋಣೆಯಲ್ಲಿ ಅವರು ಕೈಕಾಲು ಮುರಿದವರ, ಕೆಮ್ಮಿನವರ ಎಕ್ಸ್‌ರೇ ತೆಗೆಯತೊಡಗಿದರು. ಅಲ್ಲಿಯೂ ಒಂದು ಫಿಲ್ಮು ತೆಗೆದು, ಸರಿ ಬಂದಿದೆಯೋ ಇಲ್ಲವೋ ಎಂದು ಇನ್ನೊಂದು ತೆಗೆಯುವರಂತೆ. ಕಚೇರಿಯಿಂದ ಕೇಳಿದರು, ಇಷ್ಟೊಂದು ಫಿಲ್ಮು ಯಾಕೆ ಖರ್ಚಾಗುತ್ತದೆ ಎಂದು. ಬಸ್ಸಿನಲ್ಲಿ ಅವರೆಕಾಯಿ ಸುಲಿಯುತ್ತಲೇ ಇದ್ದರು, ಆದರೆ ಕಂಡಕ್ಟರು ಕೆಣಕಿದರೆ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಜೊತೆ ಮೊದಲಿನ ಹಾಗೆಯೇ ಇದ್ದರು. ಅದೇ ನನಗೆ ಕಷ್ಟವಾಯಿತು. ಆರು ತಿಂಗಳ ಮೇಲೆ ನಾನು ಮುಂಚಿನ ಬಸ್ಸಿಗೆ ಹೋಗತೊಡಗಿದೆ. ಮನೆಯಲ್ಲಿ ಹಾಲು ಕರೆಯುವ ಹೊತ್ತು ಬದಲಾಯಿತು ಎಂದು ನೆಪ ಹೇಳಿದೆ. ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಅವರು ಅವಧಿಗೆ ಮುಂಚೆಯೇ ಕೆಲಸ ಬಿಟ್ಟು ಕಂಪಲಾಪುರದ ತಂಗಿಯ ಮನೆಗೆ ಹೋದರು. ಬೀಳ್ಕೊಡುಗೆ ಬೇಡವೆಂದರು. ಆಸ್ಪತ್ರೆಗೆ ಹೊಸ ಯಂತ್ರ ಬಂತು, ಚಿತ್ರವನ್ನು ಅದೇ ಹಿಡಿದಿಟ್ಟುಕೊಂಡು ಗೆರೆಯನ್ನೂ ಅದೇ ತೋರಿಸುತ್ತಿತ್ತು. ನಾನು ನನ್ನ ಅವಧಿ ಮುಗಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಭಾಷಣ ಮಾಡಿದವರು ನನ್ನನ್ನು ನಂಬಿಕಸ್ಥ ಎಂದರು.

ಈಚೆಗೆ ನನ್ನದೇ ಗುಂಡಿಗೆಯ ಬಾಗಿಲು ಸುಣ್ಣಗಟ್ಟಿದ ಹಾಗೆ ಗಟ್ಟಿಯಾಯಿತು. ಈಗ ಕವಾಟವನ್ನು ಬಿಡಿಸುವುದಷ್ಟೇ ಅಲ್ಲ, ಹೊಸದನ್ನೇ ಕೊಳವೆಯ ತುದಿಗೆ ಕೊಡೆಯಂತೆ ಮಡಚಿ ತೊಡೆಯಿಂದ ಕಳಿಸಿ, ಹಳೆಯದರೊಳಗೆ ಬಿಚ್ಚಿ ಕೂರಿಸುತ್ತಾರೆ. ಹಳೆಯ ನೌಕರನೆಂದು ನಮ್ಮ ಆಸ್ಪತ್ರೆಯವರೇ ಮಾಡಿಸಿಕೊಟ್ಟರು. ಅದೇ ಕೋಣೆ. ಈ ಸಲ ಮಲಗಿದವನು ನಾನು. ಮೊಮ್ಮಗಳ ವಯಸ್ಸಿನ ಒಬ್ಬ ಟೆಕ್ನೀಷಿಯನ್ ಹುಡುಗಿ, "ಕವಾಟದ ಮೂರು ಎಸಳಿನ ಬುಡ ಚಿತ್ರದಲ್ಲಿ ಒಂದೇ ಸಾಲಿಗೆ ಬರ್ಬೇಕು ತಾತ, ಅಲ್ಲಿವರೆಗೆ ಮೆಷಿನ್ ತಿರುಗಿಸ್ತೀವಿ. ಅಲುಗಾಡ್ಬೇಡಿ," ಎಂದಳು. ಹೊಸ ಕವಾಟ ಅಕ್ಕಿಕಾಳಿನಷ್ಟು ಮೇಲೆ ಕೆಳಗೆ ಆದರೂ ಸೋರುತ್ತದೆ, ಇಲ್ಲವೇ ಜಾರಿಹೋಗುತ್ತದೆ ಎಂದು ನನಗೆ ಮೊದಲೇ ಹೇಳಿದ್ದರು. ಬಿಚ್ಚುವ ಮುಂಚೆ ಡಾಕ್ಟರು ತಲೆಯೆತ್ತದೆ ಕೇಳಿದರು:

"ಟೇಬಲ್ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಸಾರ್," ಎಂದಿತು ಒಂದು ಗಂಡುದನಿ, ನನ್ನ ಎಡಗಡೆಯಿಂದ.

ಆ ಮಾತು ನಿಜವೋ ಸುಳ್ಳೋ ನೋಡಲು ನನಗೆ ಕತ್ತು ತಿರುಗಿಸುವಂತಿರಲಿಲ್ಲ. ಆಮೇಲೆ ಕವಾಟ ಸರಿಯಾಗಿ ಕೂತಿತು. ಅವನು ನಿಜವನ್ನೇ ಹೇಳಿದ್ದ.

ಓಡಾಡುವ ಶಕ್ತಿ ಬಂದ ಮೇಲೆ ಕಂಪಲಾಪುರಕ್ಕೆ ಹೋದೆ. ಹೊಗೆಸೊಪ್ಪು ಬೇಯಿಸಿ ಮುಗಿದ ಕಾಲ. ತಂಗಿಯ ಮನೆಯ ಜಗಲಿಯಲ್ಲಿ ಹೆಂಗಸರು ಕೂತು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಯಾರೋ ಒಂದು ಎಲೆ ಎತ್ತಿ ತೋರಿಸಿ ಇದು ಯಾವ ಗುಂಪಿಗೆ ದೊಡ್ಡಮ್ಮ ಎಂದರೆ, "ನನ್ನ ಕೇಳ್ಬ್ಯಾಡಿ, ನನ್ನ ಕಣ್ಣು ಸರಿಯಿಲ್ಲ," ಎಂದರು. ಅದೇ ಕಣ್ಣಿನಲ್ಲಿ ಬೀದಿಯ ತುದಿಯಿಂದಲೇ ನನ್ನ ಗುರುತು ಹಿಡಿದಿದ್ದರು.

ನಾನು ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾರೆ ಎನ್ನಿಸಿತ್ತು.

"ಅಕ್ಕ, ಅವತ್ತು ಟೇಬಲ್ ಮಿಸುಕಿತ್ತು."

ಯಾವತ್ತು ಎಂದು ಅವರು ಕೇಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು.

"ಎಷ್ಟು?"

"ನಾಲ್ಕು ಬೆರಳು. ವಾಪಸ್ ತಂದೆ. ಒಂದು ಬೆರಳು ಉಳಿದಿತ್ತು."

"ಅಡ್ಡಕ್ಕೋ, ಉದ್ದಕ್ಕೋ?"

"ಉದ್ದಕ್ಕೆ."

"ತಲೆ ಕಡೀಕೋ, ಕಾಲ್ ಕಡೀಕೋ?"

"ತಲೆ ಕಡೆಗೆ."

ಅವರು ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲಿ ಸ್ವಲ್ಪ ಎತ್ತಿ, ಅಲ್ಲೇ ನಿಲ್ಲಿಸಿದರು. "ಗುಂಡಿಗೆ ಮೇಲಕ್ಕೋಯ್ತು," ಎಂದರು ನಿಧಾನವಾಗಿ. "ಗೆರೆ ಅಲ್ಲೇ ಉಳೀತು. ಡಾಕ್ಟ್ರು ಗೆರೆ ನೋಡ್ಕಂಡು ಚುಚ್ಚಿದ್ರು. ಅದಕ್ಕೇ ಕೆಳಗೆ ಬಿತ್ತು." ಕಣ್ಣು ಬಿಟ್ಟರು. "ಗೆರೆ ಸರಿಯಾಗಿತ್ತು."

ನಾನು ತಲೆಯಾಡಿಸಿದೆ.

"ಬಾಯಲ್ಲಿ ಹೇಳು."

"ಗೆರೆ ಸರಿಯಾಗಿತ್ತು ಅಕ್ಕ."

ಒಳಗಿದ್ದ ತಂಗಿಯನ್ನು ಕೂಗಿ ಕರೆದರು. "ಇವಳಿಗೆ ಹೇಳು." ನಾನು ಮೊದಲಿನಿಂದ ಹೇಳಿದೆ. ತಂಗಿಯ ಸೊಸೆ ಬಂದಳು. "ಇವಳಿಗೂ ಹೇಳು." ಅವಳಿಗೂ ಹೇಳಿದೆ. ಎಲೆ ವಿಂಗಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಯಾರೂ ಕಾಫಿ ತರಲಿಲ್ಲ. ಅಕ್ಕ ತರಲು ಹೇಳಲೂ ಇಲ್ಲ.

"ನಾನು ಬಸ್ಸಲ್ಲಿ ಕೇಳ್ದೆ," ಎಂದರು ಕೊನೆಗೆ. "ಅವತ್ತು ಹೇಳಿದ್ರೆ ನಿನ್ನ ಕೆಲಸ ನಾನು ಉಳಿಸ್ತಿದ್ದೆ ಕಣೋ. ಮಾರನೇ ದಿನ ಹೊಸ ಹಾಳೆ ಅಂಟಿಸಿ ಗೆರೆ ಬರೀತಿದ್ದೆ."

"ತಪ್ಪಾಯ್ತು ಅಕ್ಕ. ಕ್ಷಮಿಸ್ಬುಡಿ."

"ಅದು ಆಮೇಲೆ ನೋಡಾನ. ಮೊದ್ಲು ಅಲ್ಲಿದ್ದೋರಿಗೆಲ್ಲ ಹೇಳು. ಒಬ್ಬರನ್ನೂ ಬುಡಬ್ಯಾಡ. ಹೇಳಿ ಆದ್ಮೇಲೆ ಬಾ."

ನಮ್ಮ ಡಾಕ್ಟರು ತೀರಿಕೊಂಡು ಬಹಳ ವರ್ಷವಾಗಿತ್ತು. ಸರ್ಜನ್ನರು ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು. ಅಂದಿನ ನರ್ಸು ಹೆಗ್ಗಡದೇವನಕೋಟೆಯಲ್ಲಿದ್ದಾರೆಂದು ವಿಚಾರಿಸಿ ಹೋಗಿ ಹೇಳಿದೆ. "ಈಗ ಯಾಕಣ್ಣ ಅದೆಲ್ಲ, ಯಾರಿಗೆ ಬೇಕು?" ಎಂದರು ಅವರು. ಸರಗೂರಿನಿಂದ ಆಚೆ ಹೋಗಿ ಆ ಹೆಣ್ಣುಮಗಳನ್ನೂ ಹುಡುಕಿದೆ. ಈಗ ಅವಳಿಗೆ ಮೊಮ್ಮಗು. ಕೈ ಜೋಮು ಹಿಡಿದದ್ದು ಅವಳಿಗೆ ನೆನಪೇ ಇರಲಿಲ್ಲ. ಸುಮ್ಮನೆ ಕೇಳಿಸಿಕೊಂಡು, "ಗೆರೆ ತಪ್ತು ಅಂತ ಆಸ್ಪತ್ರೇಲಿ ಅಂದಿದ್ರು, ಆ ಅಕ್ಕನ್ನ ಸುಮ್ಕೆ ಬಯ್ಕಂಡಿದ್ದೆ ನಾನು ಇಷ್ಟು ವರ್ಷ," ಎಂದಳು.

ಇಷ್ಟನ್ನು ಹೇಳಲು ಮತ್ತೆ ಕಂಪಲಾಪುರಕ್ಕೆ ಹೊರಡುವಷ್ಟರಲ್ಲಿ ತಂಗಿಯ ಸೊಸೆಯ ಫೋನು ಬಂತು. ಅಕ್ಕ ಹೋಗಿ ನಾಲ್ಕು ದಿನವಾಗಿತ್ತು. ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಕೋಣೆಯಲ್ಲಿದ್ದವರಲ್ಲಿ ಸಿಕ್ಕಷ್ಟು ಮಂದಿಗೆ ಹೇಳಿ ಮುಗಿಯಿತು. ಆದರೆ ಆಸ್ಪತ್ರೆಯಲ್ಲಿ ಆ ಗೆರೆ ತಪ್ಪಿತ್ತು ಎಂದು ಕೇಳಿದವರು, ಇನ್ನೊಬ್ಬರಿಗೆ ಹೇಳಿದವರು ಎಷ್ಟೋ ಮಂದಿ ಇದ್ದಾರೆ. ಅವರ ವಿಳಾಸ ನನ್ನಲ್ಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ತಿಳಿಯಲಿ: ಅಂದು ಟೇಬಲ್ಲು ಮಿಸುಕಿತ್ತು, ಮಿಸುಕಿಸಿದವನು ನಾನು, ಅಕ್ಕನ ಗೆರೆ ಸರಿಯಾಗಿತ್ತು.